‘ಇಸು’ ಪ್ರತ್ಯಯದ ಬೆಲೆ

ನಮ್ಮ ಮನೆಯ ಕಬ್ಬಿಣದ ಗೇಟಿಗೆ ಎರಡು ಮೂರು ದೀಪಾವಳಿಗೊಮ್ಮೆ ಬಣ್ಣ ಬಳಿಯುವ ಸಂಪ್ರದಾಯವನ್ನು ಸ್ಥಾಪಿಸಿದ ನಮ್ಮ ತೀರ್ಥರೂಪರು, ಹಳೆಯ ಬಣ್ಣವನ್ನು ಕೆರೆಯುವ ಸಂಪ್ರದಾಯವನ್ನು ಸ್ಥಾಪಿಸದೆಯೇ ಸ್ವರ್ಗಸ್ಥರಾದುದರಿಂದ, ಅದರ ಸರಳುಗಳ ಮೇಲೆ ಹಸಿರು, ನೀಲಿ, ಬೂದಿ, ಪುನಃ ಹಸಿರು ಎಂದು ಪದರ ಪದರವಾಗಿ ಬೆಳೆದ ಬಣ್ಣವು, ಒಳಗೊಳಗೇ ತುಕ್ಕು ಹಿಡಿದು, ಮುಟ್ಟಿದರೆ ಹಪ್ಪಳದಂತೆ ಏಳುವ ಅವಸ್ಥೆಗೆ ಬಂದಿತ್ತು. ಊರಿನಿಂದ ಬಂದಿದ್ದ ಅಳಿಯಂದಿರು ಅದನ್ನು ಕಂಡು, “ಮಾವ, ಉಪ್ಪುಕಾಗದದಲ್ಲಿ ಉಜ್ಜಿದರೆ ಇದು ಹೋಗುವುದಿಲ್ಲ, ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಿ” ಎಂದರು.

ಮೂವತ್ತು ವರ್ಷ ಕನ್ನಡ ವ್ಯಾಕರಣ ಬೋಧಿಸಿದ ನಾನು ‘ಮಾಡಿಸಿ’ ಎಂಬುದನ್ನು ‘ಮಾಡಿ’ ಎಂದು ಗ್ರಹಿಸಿದ್ದೇ ಮುಂದಿನ ಅನರ್ಥಕ್ಕೆಲ್ಲ ಮೂಲ.

ಗ್ರಹಿಕೆಯ ದೋಷಕ್ಕೆ ಲೋಭವೂ ಕೂಡಿಕೊಂಡಿತೆಂದು ಒಪ್ಪಬೇಕು. ಪೀಣ್ಯದ ಕಾರ್ಖಾನೆಯೊಂದರಲ್ಲಿ ವಿಚಾರಿಸಲಾಗಿ, ಅವರು ಹೇಳಿದ ಮೊತ್ತವು ತೀರ್ಥರೂಪರ ಲೆಕ್ಕದ ಪುಸ್ತಕದಲ್ಲಿ ಗೇಟಿನ ಮುಂದೆ ಬರೆದಿದ್ದ ಮೊತ್ತವನ್ನು ಎಷ್ಟೋ ಮೀರಿತ್ತು. ಮೇಲಾಗಿ, ಒತ್ತಡದ ಗಾಳಿಯಿಂದ ಮರಳನ್ನು ಊದಿ ಕೆರೆಯುವ ಈ ವಿದ್ಯೆಗೆ 1870ರಲ್ಲಿ ಪೇಟೆಂಟು ಪಡೆದ ಫಿಲಡೆಲ್ಫಿಯಾದ ಬೆಂಜಮಿನ್ ಟಿಲ್ಗ್‌ಮನ್ನನಿಗೆ, ಗಾಳಿಗೆ ಹಾರಿದ ಮರಳು ಕಿಟಕಿಯ ಗಾಜನ್ನು ಮಸುಕುಗೊಳಿಸಿದ್ದನ್ನು ಕಂಡೇ ಇದು ಹೊಳೆಯಿತೆಂದು ಹೇಳುವುದುಂಟು. ಯಾವ ಪದವಿಯೂ ಇಲ್ಲದ ಗಾಳಿ ಮಾಡಬಲ್ಲ ಕೆಲಸವನ್ನು ಎಂ.ಎ. ಮಾಡಿದವನು ಮಾಡಲಾರನೆ?

ಲಾರನು. ಕಾಲಂಗುಲದ ಮೂತಿಗೆ ನೂರು ಪೌಂಡಿನ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 80 ಘನ ಅಡಿ ಗಾಳಿ ಬೇಕೆಂದೂ, ನಾನು ಬಾಡಿಗೆಗೆ ತಂದ ಎರಡು ಅಶ್ವಶಕ್ತಿಯ ಕಂಪ್ರೆಸರು ಕೊಡುವುದು ಏಳೆಂಟು ಘನ ಅಡಿ ಮಾತ್ರವೆಂದೂ ತಿಳಿದದ್ದು ಆಮೇಲೆ. ಅದು ಅರ್ಧ ನಿಮಿಷ ಆರ್ಭಟಿಸಿ, ಏರು ಹತ್ತಿದ ಮುದಿ ಎತ್ತಿನಂತೆ ಏದುಸಿರು ಬಿಡುತ್ತ ನಿಲ್ಲುತ್ತಿತ್ತು. ಅಷ್ಟರಲ್ಲಿ ಗಾಳಿಯೊಳಗಿನ ತೇವಕ್ಕೆ ಮರಳು ಹೆಪ್ಪುಗಟ್ಟಿ ಮೂತಿ ಮುಚ್ಚುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಗುಳಿಯ ಬಳಿ ಅಂಗೈಯಗಲ ಕಬ್ಬಿಣ ಬೆಳ್ಳಗಾಗಿತ್ತು. ಉಳಿದ ಮರಳೆಲ್ಲ ತುಳಸಿಕಟ್ಟೆಗೂ, ನನ್ನ ಕಿವಿಗಳಿಗೂ, ತಾರಸಿಯ ಮೇಲೆ ಒಣಹಾಕಿದ್ದ ಅರಳುಸಂಡಿಗೆಗೂ ಸಮನಾಗಿ ಹಂಚಿಹೋಗಿತ್ತು. “ರೀ, ಸಂಡಿಗೆ ನೋಡಿದಿರಾ?” ಎಂದು ಒಳಗಿನಿಂದ ಬಂದ ಧ್ವನಿಗೆ ನಾನು ಉತ್ತರ ಕೊಡಲಿಲ್ಲ.

ಎದುರುಮನೆಯ ಹಿರಿಯರು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ರಸ್ತೆ ದಾಟಿ ಬಂದು, ಮಾತಿಲ್ಲದೆ ಸ್ವಿಚ್ಚು ಆರಿಸಿ, ನಾನು ಮೂಗಿಗೆ ಸುತ್ತಿದ್ದ ಅಂಗವಸ್ತ್ರವನ್ನು ಎರಡು ಬೆರಳಿನಿಂದ ಎತ್ತಿ ನೋಡಿದರು. “ಮೇಷ್ಟ್ರೇ, ಕಲ್ಲುಧೂಳು ಬಟ್ಟೆಗೆ ನಿಲ್ಲೋದಿಲ್ಲ. ಎದೆಗೆ ಹೋದದ್ದು ಈಚೆ ಬರೋದೂ ಇಲ್ಲ” ಎಂದರು. ಸಿಲಿಕೋಸಿಸ್ ಎಂಬ ಆ ವ್ಯಾಧಿಯನ್ನು ಗುಣಪಡಿಸುವ ಔಷಧವಿಲ್ಲ. ಆ ಕಾರಣದಿಂದಲೇ ಬ್ರಿಟನ್ನಿನವರು 1949ರ ನಿಯಮಗಳ ಮೂಲಕ ಎರಕದ ವಸ್ತುಗಳ ಮೇಲೆ ಇಂಥ ಮರಳನ್ನು ಊದುವುದನ್ನೇ ನಿಷೇಧಿಸಿದರು. ಹಾಸ್ಯ ಮಾಡುವ ಉತ್ಸಾಹ ನನಗೆ ಆ ದಿನ ಮತ್ತೆ ಬರಲಿಲ್ಲ.

ಮರುವಾರ ಗೇಟು ಪೀಣ್ಯಕ್ಕೆ ಹೋಯಿತು. ಅಲ್ಲಿ ಮುಳುಗುಗಾರನಂತೆ ಶಿರಸ್ತ್ರಾಣ ಧರಿಸಿ, ಪ್ರತ್ಯೇಕ ಕೊಳವೆಯಿಂದ ಉಸಿರಾಡುತ್ತಿದ್ದ ತರುಣನೊಬ್ಬ, ಮರಳಿನ ಬದಲು ಗಾರ್ನೆಟ್ಟಿನ ಪುಡಿಯನ್ನು ಊದಿ, ಒಂದು ಗಂಟೆಯೊಳಗೆ ನಮ್ಮ ವಂಶದ ಬಣ್ಣಗಳನ್ನೆಲ್ಲ ಅಳಿಸಿದನು. ತೆರೆದ ಕಬ್ಬಿಣ ಗಾಳಿಯ ತೇವಕ್ಕೇ ಮತ್ತೆ ತುಕ್ಕು ಹಿಡಿಯುವುದೆಂದು ಆ ಹೊತ್ತೇ ಪ್ರೈಮರನ್ನೂ ಬಳಿದು ಕಳಿಸಿದರು. ಕೇಳಿದಷ್ಟು ಹಣವನ್ನು ಚೌಕಾಸಿಯಿಲ್ಲದೆ ಕೊಟ್ಟೆನು.

ಸಂಡಿಗೆಯನ್ನು ಆ ವರ್ಷ ಅಂಗಡಿಯಿಂದ ತರಿಸಿದೆವು.