ಟರ್ಕಿ ಗೀತವ್ಯಾಕರಣ ಮೀಮಾಂಸೆ

ಯೂರೋವಿಷನ್ ಎಂಬ ಗಾನಸ್ಪರ್ಧೆಯಲ್ಲಿ ಟರ್ಕಿಗೆ ಅಂಕ ಬಿದ್ದದ್ದು ಹೇಗೆ, ಬೀಳದೆ ಹೋದದ್ದು ಏಕೆ ಎಂಬ ಪ್ರಶ್ನೆಯನ್ನು ಸಂಗೀತಗಾರರಿಗೆ ಬಿಟ್ಟುಕೊಟ್ಟದ್ದೇ ತಪ್ಪಾಯಿತು. ಅವರು ರಾಗ, ಕಂಠ, ವಾದ್ಯ ಎಂದು ಅಡ್ಡದಾರಿ ಹಿಡಿದರು. ವಿಷಯ ಶುದ್ಧ ವ್ಯಾಕರಣದ್ದು. ಹಾಡು ಕೇಳಬೇಕಾದ್ದೇ ಇಲ್ಲ, ಶೀರ್ಷಿಕೆ ಓದಿದರೆ ಸಾಕು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹಾಕಿಕೊಟ್ಟ ಸೂತ್ರ, ವೃತ್ತಿ, ಪ್ರಯೋಗಗಳ ದಾರಿಯಲ್ಲೇ ನಾನೂ ನಡೆದಿದ್ದೇನೆ. ಪ್ರಯೋಗಗಳು ಮಾತ್ರ ಯೂಟ್ಯೂಬಿನವು.

ಸೂತ್ರ: ವಿಭಕ್ತಿ ಯಾವುದೋ ಅಂಕ ಅಷ್ಟು.

ವೃತ್ತಿ: ಟರ್ಕಿ ಮೊದಲು ಸ್ಪರ್ಧೆಗಿಳಿದದ್ದು 1975ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಹನ್ನೆರಡು ಅಂಕ ಕೊಡುವ ಪದ್ಧತಿ ಶುರುವಾದದ್ದೂ ಅದೇ ವರ್ಷ. ಸೆಮಿಹಾ ಯಾಂಕಿ ಹಾಡಿದ ಹಾಡು ‘ಸೆನಿನ್ಲೆ ಬಿರ್ ದಕಿಕಾ’, ಅಂದರೆ ‘ನಿನ್ನೊಡನೆ ಒಂದು ನಿಮಿಷ’. ಸೆನ್, ಸೆನಿನ್, ಸೆನಿನ್ಲೆ; ನೀನು, ನಿನ್ನ, ನಿನ್ನೊಡನೆ. ನಮ್ಮ ಹಾಗೇ ಬಾಲಕ್ಕೆ ಬಾಲ ಅಂಟಿಸುವ ಭಾಷೆ. ಜೊತೆಯ ಅರ್ಥದಲ್ಲಿ ಬರುವುದು ತೃತೀಯಾ ವಿಭಕ್ತಿ. ಸಿಕ್ಕಿದ ಒಟ್ಟು ಅಂಕ ಮೂರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆ ಮೂರನ್ನೂ ಕೊಟ್ಟದ್ದು ಮೊನಾಕೊ ಒಂದೇ, ಹಾಡಿಗೆ ಸಿಕ್ಕಿದ್ದು ಹತ್ತೊಂಬತ್ತರಲ್ಲಿ ಹತ್ತೊಂಬತ್ತನೇ ಸ್ಥಾನ ಎಂಬ ಕ್ಷುಲ್ಲಕ ವಿವರಗಳಿಗೆ ಶಾಸ್ತ್ರದಲ್ಲಿ ಜಾಗವಿಲ್ಲ.

ಅಪವಾದ: 1987ರಲ್ಲಿ ಸೆಯ್ಯಾಲ್ ತಾನೆರ್ ಹಾಡಿದ ‘ನನ್ನ ಹಾಡು ಪ್ರೀತಿಯ ಮೇಲೆ’ ಎಂಬರ್ಥದ ಹಾಡಿಗೆ, ಸಪ್ತಮಿಯ ಛಾಯೆ ಇರುವುದರಿಂದ, ಏಳು ಬರಬೇಕಿತ್ತು. ಬಂದದ್ದು ಸೊನ್ನೆ. ಸಮಾಧಾನ: ಹಾಡು ಯಾವುದರ ಮೇಲೆ ಎಂದು ಶೀರ್ಷಿಕೆಯೇ ಹೇಳಿಬಿಟ್ಟರೆ ಕೇಳುವವರಿಗೆ ಉಳಿಯುವ ಕೆಲಸವೇನು?

ಇಲ್ಲಿ ಪೂರ್ವಪಕ್ಷ ಅಡುಗೆಮನೆಯಿಂದ ಬಂತು. “ಅದೆಲ್ಲ ಇರ್ಲಿ ರೀ, ಹಾಡು ಚೆನ್ನಾಗಿದ್ಯಾ, ಇಲ್ವಾ?” ಇಂಥ ಪ್ರಶ್ನೆ ವ್ಯಾಕರಣದ ವ್ಯಾಪ್ತಿಗೆ ಬಾರದು ಎಂದು ಉತ್ತರಿಸಿದೆ. ಒಗ್ಗರಣೆ ಚಟಪಟಗುಟ್ಟಿತು.

ಸೂತ್ರ: ವಿಧ್ಯರ್ಥ ಗೆಲ್ಲುತ್ತದೆ.

ವೃತ್ತಿ: ‘ಕೇಳು’ ಎಂಬ ಬರಿಯ ಧಾತುವೇ ಕನ್ನಡದಲ್ಲಿ ಅಪ್ಪಣೆ. ಟರ್ಕಿಶ್‌ನಲ್ಲೂ ಅಷ್ಟೆ, ‘ದಿನ್ಲೆ’ ಎಂದರೆ ಕೇಳು. 1997ರಲ್ಲಿ ಡಬ್ಲಿನ್‌ನಲ್ಲಿ ಶೆಬ್ನೆಮ್ ಪಾಕೆರ್ ಹೀಗೆ ಅಪ್ಪಣೆ ಕೊಡಿಸಿದಾಗ ಯೂರೋಪು ಮರುಮಾತಿಲ್ಲದೆ ಕೇಳಿತು. ಮೂರನೇ ಸ್ಥಾನ, 121 ಅಂಕ. 2007ರಲ್ಲಿ ಕೆನಾನ್ ದೋವುಲು ಇಂಗ್ಲಿಷಿನಲ್ಲಿ ‘ಕುಲುಕು’ ಎಂದು ಅಪ್ಪಣೆ ಮಾಡಿ, ಬಾಲಕ್ಕೆ ‘ಶೆಕೆರಿಮ್’ ಎಂದು ಟರ್ಕಿಶ್‌ನಲ್ಲಿ ಮುದ್ದು ಮಾಡಿದ. ಶೆಕೆರ್ ನಮ್ಮ ಸಕ್ಕರೆಯೇ. ಶರ್ಕರ ಪರ್ಷಿಯಾ ಸುತ್ತಿ ಅಲ್ಲಿಗೆ ಹೋದದ್ದು. ನಾಲ್ಕನೇ ಸ್ಥಾನ. 2011ರಲ್ಲಿ ಯುಕ್ಸೆಕ್ ಸದಾಕತ್ ತಂಡವೂ ಅಪ್ಪಣೆಯನ್ನೇ ಕೊಟ್ಟಿತು, ‘ಲಿವ್ ಇಟ್ ಅಪ್’ ಎಂದು. ಸೆಮಿಫೈನಲ್ ದಾಟಲಿಲ್ಲ. ಟರ್ಕಿಗೆ ಹಾಗಾದದ್ದು ಅದೇ ಮೊದಲು. ಸಕ್ಕರೆ ಹಾಕುವುದು ಮರೆತಿದ್ದರು.

ಶ್ಲೇಷಪ್ರಕರಣಕ್ಕೆ ಬರೋಣ. ಈ ಪ್ರಕರಣದಲ್ಲಿ ಪ್ರಬಂಧಕಾರನು ನಿಷ್ಪಕ್ಷಪಾತಿಯಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. 1980, ಹೇಗ್ ನಗರ. ಆಜ್ದಾ ಪೆಕ್ಕನ್, ಟರ್ಕಿಯ ಪಾಪ್ ಸಂಗೀತದ ಮಹಾರಾಣಿ. ತೈಲದ ಬೆಲೆ ಏರಿ ಜಗತ್ತೇ ಕಂಗೆಟ್ಟ ಕಾಲ. ಆಕೆ ಪೆಟ್ರೋಲನ್ನೇ ಪ್ರಿಯಕರನಂತೆ ಹಾಡಿದರು. ಶೀರ್ಷಿಕೆಯ ನಡುವೆ ಒಂದು ಲೋಪಚಿಹ್ನೆ ಸಿಕ್ಕಿಸಿ, ಎಣ್ಣೆಯ ಹೆಸರನ್ನು ಮನುಷ್ಯನ ಹೆಸರಿನಂತೆ ಬರೆದಿದ್ದರು. ಇಂಥ ಶ್ಲೇಷಕ್ಕೆ ಪಂಪನಿದ್ದ ಸಭೆಯಲ್ಲಾದರೆ ಕಡಗ ತೊಡಿಸುತ್ತಿದ್ದರು. ಹೇಗ್‌ನಲ್ಲಿ ಬಂದದ್ದು 23 ಅಂಕ, ಹದಿನೈದನೇ ಸ್ಥಾನ. ಅದರಲ್ಲಿ ಹನ್ನೆರಡು ಮೊರಾಕೊ ದೇಶದ್ದು. ಮೊರಾಕೊ ಈ ಸ್ಪರ್ಧೆಗೆ ಬಂದದ್ದೇ ಆ ಒಂದು ವರ್ಷ. ಸಹೃದಯ ಎಂದರೆ ಹೀಗಿರಬೇಕು: ಬಂದ, ಹನ್ನೆರಡು ಕೊಟ್ಟ, ಹೋದ.

ಧೂಮಕೇತುವಿನ ವಿಷಯ ಚಿಕ್ಕದು. 1986ರಲ್ಲಿ ‘ಹ್ಯಾಲಿ’ ಎಂದು ಹಾಡಿ ಒಂಬತ್ತನೇ ಸ್ಥಾನ. ಆ ಧೂಮಕೇತು ಮರಳುವುದು 2061ಕ್ಕೆ. ಕಾಯಬೇಕು.

ಸೂತ್ರ: ಅರ್ಥದ ಬೆಲೆ ಎರಡು ಅಂಕ.

ವೃತ್ತಿ: ಇದು ಈ ಪ್ರಬಂಧದ ಕಿರೀಟ. 2003, ರೀಗಾ. ಸೆರ್ತಾಬ್ ಎರೆನೆರ್ ಇಂಗ್ಲಿಷಿನಲ್ಲಿ ಹಾಡಿದರು. ಅವರ ಉಡುಪಿಗೆ ಕಟ್ಟಿದ ಉದ್ದುದ್ದ ಪಟ್ಟಿಗಳನ್ನು ನರ್ತಕಿಯರು ಸುತ್ತಲೂ ನಿಂತು ಎಳೆಯುತ್ತಿದ್ದರು. ತೇರಿನ ಮಿಣಿ ಹಿಡಿದಂತೆ, ತೇರು ಮಾತ್ರ ಸೊಂಟ ತಿರುಗಿಸುತ್ತಿತ್ತು. ಟರ್ಕಿಗೆ 167 ಅಂಕ, ಗೆಲುವು. ಎರಡನೆಯದು ಬೆಲ್ಜಿಯಂ, 165. ಆ ಬೆಲ್ಜಿಯಂ ಹಾಡು ಯಾವ ದೇಶದ್ದೂ ಅಲ್ಲದ, ಹಾಡಿಗೆಂದೇ ಕಟ್ಟಿದ ಭಾಷೆಯಲ್ಲಿತ್ತು. ಅರ್ಥವಿರುವ ಹಾಡಿನಿಂದ ಅರ್ಥವಿಲ್ಲದ ಹಾಡನ್ನು ಕಳೆದರೆ ಎರಡು. ಮೂರನೆಯ ರಷ್ಯಾ 164, ಹಾಡು ರಷ್ಯನ್ನಿನಲ್ಲಿ. ಬರಿ ತಮಗಷ್ಟೇ ಅರ್ಥವಾದರೆ ಅರ್ಥವೇ ಇಲ್ಲದ್ದಕ್ಕಿಂತ ಒಂದು ಕಡಿಮೆ ಎಂದು ಸಿದ್ಧವಾಯಿತು. ಈ ಮಾತನ್ನು ಪಂಡಿತ ಮಿತ್ರರು ತಮ್ಮ ಮೇಲೆ ಹಾಕಿಕೊಳ್ಳಬಾರದು.

2009ರ ‘ದ್ಯುಮ್ ತೆಕ್ ತೆಕ್’ ಇದಕ್ಕೆ ಉಪಪ್ರಮೇಯ. ಬೆಲ್ಜಿಯಂನಲ್ಲೇ ಹುಟ್ಟಿ ಬೆಳೆದ ಹದಿಸೆ ಹಾಡಿ ನಾಲ್ಕನೇ ಸ್ಥಾನ ತಂದರು. ದ್ಯುಮ್, ತೆಕ್ ಅಂದರೆ ಟರ್ಕಿಯ ತಾಳದ ಪೆಟ್ಟುಗಳ ಹೆಸರು. ಬಲ ಮಂಡಿಗೆ ದ್ಯುಮ್, ಎಡ ಮಂಡಿಗೆ ತೆಕ್ ಎಂದು ತಟ್ಟಿ ಕಲಿಯುತ್ತಾರೆ. ನಮ್ಮ ತಕಧಿಮಿಯ ಬೀಗರು. ಪ್ರಯೋಗಾರ್ಥವಾಗಿ ರವೆ ಡಬ್ಬಿಯ ಮೇಲೆ ತಟ್ಟಿ ನೋಡಿದೆ. ಮುಚ್ಚಳದ ನಡುವೆ ದ್ಯುಮ್ ಬಂತು, ಅಂಚಿನಲ್ಲಿ ತೆಕ್ ಬಂತು, ಆಮೇಲೆ ಡಬ್ಬಿ ಕೈಬಿಟ್ಟು ಹೋಯಿತು.

ಕೊನೆಗೆ ನೌಕಾಪ್ರಕರಣ. 1983ರಲ್ಲಿ, ಮ್ಯೂನಿಕ್‌ನಲ್ಲಿ, ಚೆತಿನ್ ಆಲ್ಪ್ ‘ಆಪೆರಾ’ ಎಂಬ ಹಾಡು ಹಾಡಿದರು. ಆಪೆರಾ, ಆಪೆರಾ ಎಂದು ಅದೇ ಪದ, ನಡುನಡುವೆ ಪ್ರಸಿದ್ಧ ಆಪೆರಾಗಳ ಹೆಸರು. ಪ್ರಸಾದವಿಲ್ಲದ ಅಷ್ಟೋತ್ತರ. ಸೊನ್ನೆ. ಅಂದು ಜೊತೆಗೆ ಸೊನ್ನೆ ಪಡೆದ ಸ್ಪೇನಿನ ರೆಮೇದಿಯೋಸ್ ಅಮಾಯಾ, ‘ನನ್ನ ದೋಣಿ ನಡೆಸುವವರಾರು?’ ಎಂಬರ್ಥದ ಹಾಡನ್ನು ಬರಿಗಾಲಲ್ಲಿ ಹಾಡಿದ್ದರು. ಇಪ್ಪತ್ತೊಂಬತ್ತು ವರ್ಷ ಯಾರೂ ಉತ್ತರಿಸಲಿಲ್ಲ. 2012ರಲ್ಲಿ, ಬಾಕು ನಗರದಲ್ಲಿ, ಟರ್ಕಿಯ ಜಾನ್ ಬೊನೊಮೊ ಹಾಡುವಾಗ ನರ್ತಕರು ತಮ್ಮ ಮೇಲುಹೊದಿಕೆಗಳನ್ನೇ ಚಾಚಿ ದೋಣಿ ಕಟ್ಟಿದರು. ಏಳನೇ ಸ್ಥಾನ. ಮರುವರ್ಷದಿಂದ ಟರ್ಕಿ ಬರಲೇ ಇಲ್ಲ. ತೀರ್ಪುಗಾರರಿಗೆ ಅರ್ಧ ಪಾಲು ಕೊಟ್ಟದ್ದು, ಐದು ದೊಡ್ಡ ದೇಶಗಳನ್ನು ಸೆಮಿಫೈನಲ್ ಇಲ್ಲದೆ ನೇರ ಫೈನಲ್ ಪಂಕ್ತಿಗೆ ಕೂರಿಸಿದ್ದು ಸರಿಯಲ್ಲ ಎಂದು ಅಲ್ಲಿನ ಪ್ರಸಾರ ಸಂಸ್ಥೆ ಟಿಆರ್‌ಟಿ ಹೇಳಿತು. ಪಂಕ್ತಿಭೇದಕ್ಕೆ ಎಲೆ ಬಿಟ್ಟು ಎದ್ದವರನ್ನು ನಾವೂ ಕಂಡಿದ್ದೇವೆ.

ಇಷ್ಟು ಬರೆದು ಕಣ್ಣಾಡಿಸುತ್ತಿರುವಾಗ ನೆಲದ ಮೇಲಿನ ರವೆ ಗುಡಿಸುತ್ತಿದ್ದ ಪೂರ್ವಪಕ್ಷಿ, “ರೀ, ಆ ಆಪೆರಾ ಆಪೆರಾ ಅನ್ನೋದು ಇನ್ನೊಂದ್ಸಲ ಹಾಕಿ” ಎಂದಳು.

“ಅದಕ್ಕೆ ಬಂದಿದ್ದು ಸೊನ್ನೆ ಕಣೇ.”

“ಸೊನ್ನೆ ಕೊಟ್ಟೋರು ಕೇಳೋದು ಬೇಡ ಬಿಡಿ. ನೀವು ಹಾಕಿ.”