ಸವಕಳಿಯ ಲೆಕ್ಕ

ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವಳು ನಾನು. ಮಾರ್ಚ್ ಬಂತೆಂದರೆ ಯಂತ್ರಗಳ ಮೇಲೆ ನನಗೆ ಎಲ್ಲಿಲ್ಲದ ಮಮತೆ. ಪಾಪ, ನಮ್ಮ ಲೇತಿಗೆ ಇನ್ನೊಂದು ವರ್ಷ ವಯಸ್ಸಾಯಿತು ಎಂದು ನೂರಕ್ಕೆ 15ರಂತೆ ಸವಕಳಿ ಬರೆಯುತ್ತೇನೆ. ಆದಾಯ ತೆರಿಗೆಯವರು ತಕರಾರಿಲ್ಲದೆ ಒಪ್ಪುತ್ತಾರೆ. ದುಡಿದದ್ದು ಸವೆಯುತ್ತದೆ ಎಂಬ ಲೋಕಜ್ಞಾನ ಸರಕಾರಕ್ಕೂ ಉಂಟು, ಯಂತ್ರದ ಮಟ್ಟಿಗೆ.

ಮೊನ್ನೆ ಊಟದ ಹೊತ್ತಿಗೆ ಪ್ಯಾಕಿಂಗಿನ ಅಕ್ಕ ಮೊಬೈಲ್ ಹಿಡಿದುಕೊಂಡು ಬಂದರು. ಮೂವರನ್ನು ಹೆತ್ತು ಹಾಲೂಡಿಸಿದವರು. ಮೊಬೈಲಿನಲ್ಲಿ ಒಂದು ಜಾಹೀರಾತು: ತಾಯ್ತನದ ನಂತರ ಮತ್ತೆ ಮೊದಲಿನಂತೆ. ಎಡಗಡೆ ಮುಖ ಬಾಡಿದ ಹೆಂಗಸು, ಬಲಗಡೆ ಅದೇ ಹೆಂಗಸು ನಗುತ್ತಿದ್ದಾಳೆ. ಎತ್ತಿದ್ದು ಎದೆಯನ್ನೋ ತುಟಿಯನ್ನೋ ತಿಳಿಯಲಿಲ್ಲ.

“ಎಂತದು ಮಾರಾಯ್ತಿ ಇದು, ಬ್ರೆಸ್ಟ್ ಲಿಫ್ಟ್?”

“ಜೋತ ಮೊಲೆಯನ್ನು ಎತ್ತಿ ಹೊಲಿಯುವುದು, ಅಕ್ಕ.”

“ಬಂದರಿನಲ್ಲಿ ಕ್ರೇನು ಎತ್ತುತ್ತದಲ್ಲ, ಹಾಗೆಯಾ?”

ಹಾಗಿದ್ದರೆ ಒಳ್ಳೆಯದಿತ್ತು. ಪಣಂಬೂರಿನ ಕ್ರೇನು ಕಂಟೇನರ್ ಎತ್ತುವಾಗ ಅದನ್ನು ಕೊಯ್ಯುವುದಿಲ್ಲ. ಇಲ್ಲಿ ಅರಿವಳಿಕೆ ಕೊಟ್ಟು, ಎರಡು ಮೂರು ಗಂಟೆ ಕೂತು, ಹೆಚ್ಚಾದ ಚರ್ಮವನ್ನು ಕತ್ತರಿಸಿ ತೆಗೆದು, ತೊಟ್ಟನ್ನು ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ಸ್ವಲ್ಪ ಜೋತಿದ್ದರೆ ತೊಟ್ಟಿನ ಸುತ್ತ ಮಾತ್ರ ಕೊಯ್ತ. ಇನ್ನಷ್ಟಿದ್ದರೆ ಅಲ್ಲಿಂದ ನೇರ ಕೆಳಕ್ಕೆ. ತೀರಾ ಜೋತಿದ್ದರೆ ಬುಡದ ಮಡಿಕೆಯುದ್ದಕ್ಕೂ. ಆಗ ಹೊಲಿಗೆಯ ಆಕಾರ ಹಡಗಿನ ಲಂಗರಿನದ್ದು. ಬಂದರಿನ ಊರಿಗೆ ತಕ್ಕ ವಿನ್ಯಾಸ.

ಕಲೆ ವರ್ಷ ಕಳೆದಂತೆ ಮಾಸುತ್ತದೆ, ಅಳಿಯುವುದಿಲ್ಲ. ನಮ್ಮಂಥ ಕಂದು ಮೈಯಲ್ಲಿ ಕೆಲವರಿಗೆ ದಪ್ಪಗೆ ಉಬ್ಬುವುದೂ ಉಂಟು. ತೊಟ್ಟಿನ ಸ್ಪರ್ಶಜ್ಞಾನ ಕೆಲವು ತಿಂಗಳು ಮಂಕಾಗಬಹುದು, ಕೆಲವರಿಗೆ ಮರಳದೆಯೂ ಹೋಗಬಹುದು. ಮುಂದೆ ಹಾಲೂಡಿಸುವುದು ಕಷ್ಟವಾಗಬಹುದು. ಸಿಗರೇಟು ಸೇದುವವರಿಗೆ ಗಾಯ ಮಾಯುವುದೇ ತೊಡಕು. ಬಲಗಡೆಯ ಹೆಂಗಸು ಇದೊಂದನ್ನೂ ಹೇಳದೆ ನಗುತ್ತಿದ್ದಳು.

“ಆಮೇಲೆ ಮನೆಗೆ ಬಂದು ಕೆಲಸ ಮಾಡಬಹುದಾ?”

“ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ಅಂಗಾತ ಮಲಗಬೇಕು. ಬಿಗಿಯಾದ ಬ್ರಾ ಹಗಲೂ ರಾತ್ರಿ.”

“ಕೊಡಪಾನ?”

“ಇಲ್ಲ.”

“ಗ್ಯಾಸಿನ ಸಿಲಿಂಡರ್?”

“ಅದೂ ಇಲ್ಲ.”

“ಆರು ವಾರ ರಜೆ?”

“ಅದಂತೂ ಇಲ್ಲವೇ ಇಲ್ಲ.”

ಇಷ್ಟೆಲ್ಲ ಆದ ಮೇಲೂ ಇದು ಶಾಶ್ವತವಲ್ಲ. ವಯಸ್ಸಾದರೆ, ತೂಕ ಏರಿಳಿದರೆ, ಮತ್ತೆ ಬಸಿರಾದರೆ ಎತ್ತಿದ್ದು ಇಳಿಯುತ್ತದೆ. ಭೂಮಿಯ ಸೆಳೆತಕ್ಕೆ ಕ್ಲಿನಿಕ್ಕಿನ ರಸೀದಿ ತೋರಿಸಿ ಪ್ರಯೋಜನವಿಲ್ಲ.

ಭಾರಕ್ಕೆ ಬೆನ್ನು ಕುತ್ತಿಗೆ ನೊಂದು, ಬುಡದಲ್ಲಿ ಬೆವರಿ ಹುಣ್ಣಾಗಿ, ಅಥವಾ ಕನ್ನಡಿಯ ಮುಂದೆ ತನಗೇ ಬೇಕೆನಿಸಿ ಮಾಡಿಸಿಕೊಳ್ಳುವವರನ್ನು ಆಡಿಕೊಳ್ಳಲು ನಾನು ಯಾರು? ನನ್ನ ಜಗಳ ‘ಚಿಕ್ಕದೊಂದು ಪ್ರೊಸೀಜರ್’ ಎಂಬ ಮಾತಿನೊಡನೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21ರ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸಲು ಹೋದವಳು ಮನೆಗೆ ಮರಳಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಮಂಗಳೂರಿನಲ್ಲೇ ಎದೆಯ ಹತ್ತಿರದ ಸಣ್ಣ ಗಂಟು ತೆಗೆಸಲು ಸೌಂದರ್ಯದ ಕ್ಲಿನಿಕ್ಕಿಗೆ ಹೋದ ಯುವಕನೂ ತೀರಿಹೋದ. ತೆಂಗಿನಕಾಯಿಯನ್ನು ತಟ್ಟಿ, ಅಲ್ಲಾಡಿಸಿ, ಕಿವಿಗಿಟ್ಟು ಕೊಳ್ಳುವ ನಾವು, ಕೊಯ್ಯುವವರು ಪ್ಲಾಸ್ಟಿಕ್ ಸರ್ಜರಿ ಓದಿದವರೇ, ಅರಿವಳಿಕೆ ಕೊಡುವವರು ಯಾರು, ಉಸಿರು ಕೆಟ್ಟರೆ ಐಸಿಯು ಎಷ್ಟು ದೂರ ಎಂದು ಕೇಳಲು ಮಾತ್ರ ನಾಚುತ್ತೇವೆ.

ಇನ್ನು ನನ್ನ ಕಸುಬಿನ ಮಾತು. ಕಾಯಿಲೆಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಉಂಟು. ಹುಟ್ಟಿನಿಂದ ಬಂದ ನ್ಯೂನತೆ, ಬೆಳವಣಿಗೆಯ ವೈಪರೀತ್ಯ, ಗಾಯ ಇವುಗಳಿಂದ ಕೆಟ್ಟ ಅಂಗವನ್ನು ಸರಿಪಡಿಸುವುದಾದರೆ ವಿನಾಯಿತಿ ಉಂಟು. ಪಟ್ಟಿಯನ್ನು ಎರಡು ಸಲ ಓದಿದೆ. ಹೆರಿಗೆ ಅದರಲ್ಲಿಲ್ಲ. ಹಿಂದೆ ತಿರುವಾಂಕೂರಿನಲ್ಲಿ ಕೆಳಜಾತಿಯ ಹೆಂಗಸರ ತಲೆಗಂದಾಯಕ್ಕೆ ‘ಮುಲಕ್ಕರಂ’, ಅಂದರೆ ಮೊಲೆಗಂದಾಯ, ಎಂದೇ ಹೆಸರಿತ್ತು. ಈಗ ಅಂಥ ತಾರತಮ್ಯವಿಲ್ಲ. ಯಾವ ಜಾತಿಯಾದರೂ ತೆರಿಗೆ ಒಂದೇ.

ಅಕ್ಕನಿಗೆ ಲೆಕ್ಕ ಬಿಡಿಸಿ ಹೇಳಿದೆ. ಲೇತ್ ಸವೆದರೆ 15 ಕಳೆಯುವುದು, ನೀವು ಸವೆದರೆ ತೆರಿಗೆ ಕೂಡಿಸುವುದು. ಅವರು ಬೆರಳು ಮಡಚಿ ಯೋಚಿಸಿದರು.

“ಹಾಗಾದ್ರೆ ಲೇತಿಗೆ ಪ್ರಾಯ ಆದ್ರೆ ಧಣಿಗೆ ಲಾಭ. ನನಗೆ ಪ್ರಾಯ ಆದ್ರೆ ಯಾರಿಗೆ?”

ನಾನು ಜಾಹೀರಾತಿನ ಕೆಳಗಿದ್ದ ಫೋನ್ ನಂಬರನ್ನು ತೋರಿಸಿದೆ.

ಊಟದ ಹೊತ್ತು ಮುಗಿದ ಗಂಟೆ ಬಾರಿಸಿತು. ಅಕ್ಕ ಸೆರಗು ಬಿಗಿದುಕೊಂಡು ಪೆಟ್ಟಿಗೆ ಎತ್ತಲು ಹೋದರು. ಲೇತ್ ಮಾತ್ರ ಆ ದಿನ ಸದ್ದು ಮಾಡಲಿಲ್ಲ. ಅದಕ್ಕೆ ಸರ್ವಿಸ್, ಎರಡು ದಿನ ರಜೆ.