ಶೂ ತೂಗುವ ತಕ್ಕಡಿ

ನಕಲಿ ಶೂ ಪತ್ತೆ ಮಾಡಲು ಒಂದು ಕಾಲದಲ್ಲಿ ಅಕ್ಷರ ಜ್ಞಾನವೊಂದಿದ್ದರೆ ಸಾಕಿತ್ತು. ಅಡಿಡಾಸ್ ಇರಬೇಕಾದಲ್ಲಿ ಅಡಿಬಾಸ್ ಎಂದಿರುತ್ತಿತ್ತು. ಮೂರು ಪಟ್ಟಿಯ ಜಾಗದಲ್ಲಿ ಕೈ ಧಾರಾಳದ ತಯಾರಕ ನಾಲ್ಕು ಹೊಲಿದಿರುತ್ತಿದ್ದ. ಅಂಥದ್ದನ್ನು ಕೊಂಡವನು ಮೋಸಹೋದ ಎನ್ನುವಂತಿರಲಿಲ್ಲ. ಮಾರಿದವನೂ ಅವನೂ ಸೇರಿ ಊರವರ ಕಣ್ಣಿಗೆ ಮಣ್ಣೆರಚಲು ಹೊರಟಿದ್ದರು, ಮಣ್ಣು ಸಾಲಲಿಲ್ಲ, ಅಷ್ಟೆ. ಈಗ ನಕಲಿಯವರು ಕಾಗುಣಿತ ಕಲಿತಿದ್ದಾರೆ. ಹೊಲಿಗೆ ನೇರವಾಗಿದೆ, ಡಬ್ಬದಲ್ಲಿ ತೆಳು ಕಾಗದವಿದೆ, ತೇವ ಹೀರುವ ಪೊಟ್ಟಣವಿದೆ, ಕ್ಯೂಆರ್ ಕೋಡ್ ಕೂಡ ಇದೆ. ಆದರೆ ಅಸಲಿ ಗುರುತಿಸುವ ಉಪಾಯ ಹೇಳಿಕೊಡುವವರು ಮಾತ್ರ ಹಳೇ ಪಾಠವನ್ನೇ ಒಪ್ಪಿಸುತ್ತಿದ್ದಾರೆ: ಲೋಗೊ ನೋಡಿ, ಹೊಲಿಗೆ ನೋಡಿ, ಅಂಟು ಹೊರಬಂದಿದೆಯೇ ನೋಡಿ. ಕಣ್ಣಿಗೆ ಇಷ್ಟೊಂದು ಅಧಿಕಾರ ಕೊಟ್ಟಿರುವುದೇ ತಪ್ಪು ಎನ್ನುವುದು ನನ್ನ ವಾದ. ನಕಲು ಮಾಡುವವನು ದುಡ್ಡು ಸುರಿಯುವುದು ಕಾಣುವ ಭಾಗಕ್ಕೆ. ಓಡುವವನಿಗೆ ಬೇಕಾದದ್ದು ಇರುವುದು ಕಾಣದ ಭಾಗದಲ್ಲಿ.

ಕಣ್ಣು ಎಷ್ಟು ನಂಬಿಕೆಗೆ ಅರ್ಹ ಎಂಬುದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಅಮೆರಿಕದ ಸ್ಟಾಕ್‌ಎಕ್ಸ್ ಎಂಬ ಮರುಮಾರಾಟದ ಸಂಸ್ಥೆ ಶೂಗಳನ್ನು ಪರೀಕ್ಷಿಸಿ, ಅಸಲಿ ಎಂದು ಚೀಟಿ ಕಟ್ಟಿ ಕಳಿಸುತ್ತಿತ್ತು. ಪರಿಣತರೇ ಪರೀಕ್ಷಿಸಿದ ಅಂಥ ನಾಲ್ಕು ಜೊತೆ ನಕಲಿ ತಾನು ಕೊಂಡಿದ್ದೇನೆ ಎಂದು ನೈಕಿ 2022ರಲ್ಲಿ ದಾವೆಯಲ್ಲಿ ಹೇಳಿತು. 2025ರಲ್ಲಿ ನ್ಯಾಯಾಧೀಶರು ನಕಲಿ ಮಾರಾಟದ ವಿಷಯದಲ್ಲಿ ನೈಕಿಯ ಕಡೆಗೇ ತೀರ್ಪು ಕೊಟ್ಟರು. ದಿನವಿಡೀ ಶೂ ನೋಡುವುದನ್ನೇ ಕಸುಬು ಮಾಡಿಕೊಂಡವರ ಗತಿಯೇ ಹೀಗಾದರೆ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎರಡು ನಿಮಿಷ ತಿರುಗಿಸಿ ನೋಡುವ ನಮ್ಮ ಪಾಡೇನು? ಇದರಲ್ಲಿ ಅಚ್ಚರಿಯೂ ಇಲ್ಲ. ನಕಲಿ ಶೂಗಳ ತವರೆಂದು ಹೆಸರಾದ ಚೀನಾದ ಪುಟಿಯಾನ್, ವಿದೇಶಿ ಬ್ರ್ಯಾಂಡುಗಳಿಗೆ ಅಸಲಿ ಶೂ ಹೊಲಿದುಕೊಟ್ಟೇ ಕೈ ಪಳಗಿಸಿಕೊಂಡ ಊರು. ಮಾರುವವರು ಇದನ್ನೇ ಹಿಡಿದು, "ಅದೇ ಫ್ಯಾಕ್ಟರಿ ಮಾಲ್ ಸಾರ್, ಬಾಕ್ಸ್ ಒಂದೇ ಬೇರೆ" ಎನ್ನುತ್ತಾರೆ. ಹಾಗಾದರೆ ವ್ಯತ್ಯಾಸವೆಲ್ಲಿ ಬಂತು ಎಂದು ಕೇಳಬಹುದು. ಹೊಲಿಯುವ ಕೈ ಅದೇ ಇರಬಹುದು, ಒಪ್ಪೋಣ. ಆದರೆ ಓಟದ ಶೂವಿನ ಜೀವ ಹೊಲಿಗೆಯಲ್ಲಿಲ್ಲ. ಪಾದಕ್ಕೂ ತಳದ ರಬ್ಬರಿಗೂ ನಡುವೆ ಇರುವ ಫೋಮಿನಲ್ಲಿದೆ. ಸೂಜಿ ದಾರ ತಿಳಿದವನಿಗೆಲ್ಲ ಆ ಫೋಮಿನ ರಸಾಯನ ಗೊತ್ತಿರಬೇಕೆಂದಿಲ್ಲ.

ಈ ಫೋಮಿನಿಂದ ನಾವು ಬಯಸುವುದು ಒಂದಕ್ಕೊಂದು ಹೊಂದದ ಗುಣಗಳನ್ನು: ಹಗುರವಾಗಿರಬೇಕು, ಮೆತ್ತಗಿರಬೇಕು, ಒತ್ತಿದರೆ ಪುಟಿಯಬೇಕು, ನೂರಾರು ಕಿಲೋಮೀಟರ್ ಓಡಿದರೂ ಚಪ್ಪಟೆಯಾಗಬಾರದು. ಒಂದೊಂದನ್ನೇ ಅಗ್ಗದಲ್ಲಿ ಕೊಡಬಹುದು, ನಾಲ್ಕನ್ನೂ ಒಟ್ಟಿಗೆ ಕೊಡಲು ಖರ್ಚಿದೆ. ಅದಕ್ಕೇ ನಾನು ಭೂತಗನ್ನಡಿಗಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಹೆಚ್ಚು ನಂಬುತ್ತೇನೆ. ಅನೇಕ ಕಂಪನಿಗಳು ತಮ್ಮ ಓಟದ ಶೂಗಳ ತೂಕವನ್ನು ಗ್ರಾಂ ಲೆಕ್ಕದಲ್ಲಿ, ಯಾವ ಸೈಜಿಗೆ ಎಷ್ಟು ಎಂದು ಹೇಳಿಯೇ ಮಾರುತ್ತವೆ. ಉದ್ದಿನಬೇಳೆ ತೂಗುವ ಜಾಗದಲ್ಲಿ ಪೇಪರ್ ಹಾಸಿ ಒಂದು ಶೂ ಇಡಿ. ಇನ್ನೂರೈವತ್ತು ಗ್ರಾಂ ಇರಬೇಕಾದದ್ದು ಮುನ್ನೂರೈವತ್ತು ತೋರಿಸಿದರೆ, ಲೋಗೊ ಎಷ್ಟೇ ಚೆನ್ನಾಗಿರಲಿ, ಒಳಗಿರುವುದು ಬೇರೆ ಮಾಲು. (ಮನೆಯವರು ಎದ್ದಿಲ್ಲದ ಹೊತ್ತು ನೋಡಿಕೊಂಡು ಈ ಪ್ರಯೋಗ ಮಾಡುವುದು ಕ್ಷೇಮ.) ನಕಲಿಯನ್ನೂ ಹಗುರ ಮಾಡಬಹುದಲ್ಲ ಎಂದರೆ, ಖಂಡಿತ ಮಾಡಬಹುದು, ಅಂಥ ಅಗ್ಗದ ಹಗುರ ಫೋಮು ಕೆಲವೇ ವಾರಗಳಲ್ಲಿ ಹಿಮ್ಮಡಿಯ ಕೆಳಗೆ ಕುಸಿದು ತನ್ನ ಕುಲಗೋತ್ರ ತಾನೇ ಹೇಳಿಕೊಳ್ಳುತ್ತದೆ. ವಾಸನೆಯ ಪರೀಕ್ಷೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೊಸ ಅಸಲಿ ಶೂ ಕೂಡ ಅಂಟಿನ ವಾಸನೆ ಹೊಡೆಯುತ್ತದೆ. ನೈಕಿಯ ವೇಪರ್‌ಫ್ಲೈನಂಥ, ಫೋಮಿನ ನಡುವೆ ಕಾರ್ಬನ್ ಪ್ಲೇಟ್ ಹುದುಗಿಸಿದ ಶೂಗಳದ್ದು ಇನ್ನೂ ಕಷ್ಟ. ಪ್ಲೇಟ್ ನಿಜವಾಗಿಯೂ ಒಳಗಿದೆಯೇ ಎಂದು ಖಚಿತ ಮಾಡಿಕೊಳ್ಳಲು ಗರಗಸ ಬೇಕು. ಗರಗಸ ಆಡಿಸಿದ ಮೇಲೆ ಅದು ಅಸಲಿ ಎಂದು ತಿಳಿದರೆ ದುಃಖ ಇಮ್ಮಡಿ.

ಕೊಳ್ಳುವ ಮೊದಲು ಯಾವ ಅಂಗಡಿಯವನೂ ತೂಗಲು ಬಿಡುವುದಿಲ್ಲ ಎಂಬುದು ನ್ಯಾಯವಾದ ಆಕ್ಷೇಪ. ಅಲ್ಲಿ ನೋಡಬೇಕಾದದ್ದು ಶೂವನ್ನಲ್ಲ, ಕಾಗದವನ್ನು. ಶೂವಿನ ನಾಲಗೆಯ ಒಳಚೀಟಿಯಲ್ಲಿರುವ ಮಾಡೆಲ್ ಸಂಖ್ಯೆ ಡಬ್ಬದ ಮೇಲಿನದಕ್ಕೆ ತಾಳೆಯಾಗಬೇಕು. ನಮ್ಮಲ್ಲಿ ಪೊಟ್ಟಣ ಕಟ್ಟಿ ಮಾರುವ ಸಾಮಾನಿನ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗ್ರಾಹಕರು ದೂರು ಹೇಳಿಕೊಳ್ಳುವ ಸಂಪರ್ಕ ಇರಲೇಬೇಕೆಂದು ಕಾನೂನಿದೆ. ಚೀಟಿಯನ್ನೂ ನಕಲು ಮಾಡುತ್ತಾರೆ, ನಿಜ. ಆದರೆ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ ಕೇಳಿ ನೋಡಿ: ಅಷ್ಟು ಹೊತ್ತು ಗಾಳಿಯ ಅಡಿಭಾಗ, ಜೆಲ್ ಎಂದೆಲ್ಲ ವರ್ಣಿಸುತ್ತಿದ್ದ ನಾಲಗೆ ಒಮ್ಮೆಲೇ ಒಣಗುತ್ತದೆ. ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ ಪ್ರಕಾರ ನಕಲಿ ಮಾರಿದವರಿಗೆ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಬಿಲ್ ಬರೆದುಕೊಡುವುದೆಂದರೆ ತಪ್ಪೊಪ್ಪಿಗೆ ಬರೆದುಕೊಟ್ಟಂತೆ. ಈ ವಿಷಯದಲ್ಲಿ ಫುಟ್‌ಪಾತಿನವರೇ ಮೇಲು. "ಫಸ್ಟ್ ಕಾಪಿ" ಎಂದು ಬಾಯಿಬಿಟ್ಟೇ ಹೇಳುತ್ತಾರೆ. ಹನ್ನೆರಡು ಸಾವಿರದ ಶೂವನ್ನು ಎರಡು ಸಾವಿರಕ್ಕೆ ಕೊಟ್ಟು, ನೂರಕ್ಕೆ ನೂರು ಒರಿಜಿನಲ್ ಎಂದು ಆಣೆಯಿಡುವವರದೇ ಅಪಾಯ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬಡವರ ಪರವಾಗಿ ಬರುತ್ತದೆ: ಹನ್ನೆರಡು ಸಾವಿರ ಎಲ್ಲಿಂದ ತರುವುದು? ತರಬೇಕಾಗಿಲ್ಲ. ಎರಡು ಸಾವಿರಕ್ಕೆ ತನ್ನದೇ ಹೆಸರಿನಲ್ಲಿ, ಬಿಲ್ ಸಮೇತ ಸಿಗುವ ದೇಶಿ ಶೂವಿನಲ್ಲಿ ಆ ದುಡ್ಡು ಫೋಮಿಗೂ ರಬ್ಬರಿಗೂ ಹೋಗಿರುತ್ತದೆ. ಅದೇ ಬೆಲೆಯ ನಕಲಿಯಲ್ಲಿ ವೇಷಕ್ಕೇ ಅರ್ಧ ಖರ್ಚಾಗಿರುತ್ತದೆ. ಮದುವೆ ಮನೆಗೆ ಹಾಕಿಕೊಂಡು ಹೋಗುವವರ ಮಾತು ಬೇರೆ, ಅಲ್ಲಿ ಶೂ ಬಾಗಿಲಲ್ಲೇ ಉಳಿಯುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಬರಿಗಾಲಲ್ಲೇ ಓಡಿ ಗೆದ್ದ ಅಬೆಬೆ ಬಿಕಿಲ ಅವರ ಹೆಸರನ್ನೂ ಈ ಚರ್ಚೆಗೆ ಎಳೆದು ತರುವವರಿದ್ದಾರೆ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಅವರು ಬರಿಗಾಲಲ್ಲೇ ಗೆದ್ದದ್ದು ಹೌದು. ಆದರೆ ಅವರಿಗೆ ಅಲ್ಲಿ ಸಿಕ್ಕಿದ್ದು ಅಸಲಿ ಕಂಪನಿಯ ಅಸಲಿ ಶೂ. ಪಾದಕ್ಕೆ ಹೊಂದಲಿಲ್ಲವೆಂದು ಪಕ್ಕಕ್ಕಿಟ್ಟರು. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಶೂ ತೊಟ್ಟೇ ಓಡಿ, ರೋಮ್‌ಗಿಂತ ಸುಮಾರು ಮೂರು ನಿಮಿಷ ಬೇಗ ಗುರಿ ಮುಟ್ಟಿ ಮತ್ತೆ ಚಿನ್ನ ಗೆದ್ದರು.